ಸೊನ್ನೆ ಹೊಗೆಯ ಕಾರು ಟೈರಿನಲ್ಲಿ ಫೇಲ್

ಯುರೋಪಿನ ದೊಡ್ಡ ಕಂಪನಿಯೊಂದು ಸಿಬ್ಬಂದಿಗೆಂದು ಇನ್ನೂರು ಎಲೆಕ್ಟ್ರಿಕ್ ಕಾರುಗಳನ್ನು ಲೀಸಿಗೆ ತೆಗೆದುಕೊಂಡಿತು ಅನ್ನಿ. ಸೈಲೆನ್ಸರೇ ಇಲ್ಲದ ಕಾರು. ಕಿಲೋಮೀಟರಿಗೆ ಇಂಗಾಲದ ಡೈಆಕ್ಸೈಡ್ ಸೊನ್ನೆ ಗ್ರಾಂ. ಆದರೂ ವರ್ಷದ ಕೊನೆಗೆ ಟ್ಯಾಕ್ಸಾನಮಿ, ಅಂದರೆ ಯಾವ ವ್ಯವಹಾರ ಹಸಿರು ಎಂದು ವಿಂಗಡಿಸುವ ಯುರೋಪಿಯನ್ ಒಕ್ಕೂಟದ ಪಟ್ಟಿಯ ಕೋಷ್ಟಕ ತುಂಬುವಾಗ ಆ ಖರ್ಚು ಹಸಿರು ಲೆಕ್ಕಕ್ಕೆ ಸೇರದೆ ಹೊರಗುಳಿಯಬಹುದು. ಅಡ್ಡ ಬರುವುದು ಟೈರು. ಟೈರಿನ ಹೊರಸದ್ದು ಮಾರುಕಟ್ಟೆಯಲ್ಲಿ ನಿಜಕ್ಕೂ ಸರಕು ಇರುವ ವರ್ಗಗಳ ಪೈಕಿ ಅತಿ ಮೇಲಿನದರಲ್ಲಿರಬೇಕು, ಉರುಳುವಾಗಿನ ಪ್ರತಿರೋಧ ಮೇಲಿನ ಎರಡು ವರ್ಗಗಳ ಒಳಗಿರಬೇಕು. ಟೈರ್ ಲೇಬಲ್ ನಿಯಮ 2020/740ರ ಪ್ರಕಾರ ನೋಡಬೇಕು. ಉತ್ಪನ್ನಗಳ ಲೇಬಲ್ ವಿವರಗಳಿರುವ ಒಕ್ಕೂಟದ ಎಪ್ರೆಲ್ ಡೇಟಾಬೇಸಿನಲ್ಲಿ ಅದನ್ನು ತಾಳೆ ಹಾಕಬಹುದು. ಯಾವ ಅಕ್ಷರದ ವರ್ಗ ಸಾಕು ಎಂದು ಮಾನದಂಡ ನೇರವಾಗಿ ಹೇಳುವುದಿಲ್ಲ. ಲೀಸ್ ಕೊಟ್ಟವರ ಬಳಿ ಯಾವ ಕಾರಿಗೆ ಯಾವ ಟೈರು ಹಾಕಿದೆ ಎಂಬ ಪಟ್ಟಿಯೇ ಇರುವುದಿಲ್ಲ. ಇದ್ದರೂ ಚಳಿಗಾಲದ ಟೈರಿಗೆ ಬದಲಾಯಿಸಿದ ಮೇಲೆ ಅದು ಹಳೆಯ ಪಟ್ಟಿ.

ನಗು ಬರುವ ವಿಷಯವೇ. ಆದರೆ ಇದರ ಹಿಂದಿನ ತರ್ಕ ಸುಳ್ಳಲ್ಲ: ವಿದ್ಯುತ್ ಕಾರಿನ ಹೊಗೆ ಹೋದರೂ ಟೈರಿನ ಸದ್ದು ಹೋಗುವುದಿಲ್ಲ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಅನ್ನುತ್ತೇವಲ್ಲ, ಹವಾಮಾನಕ್ಕೆ ಉಪಕಾರ ಮಾಡುವ ಕೆಲಸ ನದಿಗೋ ಮಣ್ಣಿಗೋ ಮಾರಿಯಾಗಬಾರದು ಎಂಬುದೇ ಈ ನಿಯಮದ ತಿರುಳು. ಹೆಸರು ‘ಗಣನೀಯ ಹಾನಿ ಮಾಡಬಾರದು’. ಇಂಗ್ಲಿಷಿನ ‘ಡು ನೋ ಸಿಗ್ನಿಫಿಕೆಂಟ್ ಹಾರ್ಮ್’ ಅನ್ನು ಚುಟುಕಾಗಿಸಿ ವೃತ್ತಿಯಲ್ಲಿರುವವರೆಲ್ಲ ಡಿಎನ್‌ಎಸ್‌ಎಚ್ ಎನ್ನುತ್ತಾರೆ, ಇಲ್ಲಿಯೂ ಹಾಗೇ ಕರೆಯೋಣ.

ಮೂಲ ಕಾನೂನು ಯುರೋಪಿಯನ್ ಒಕ್ಕೂಟದ 2020/852 ನಿಯಮ. ಅದರಲ್ಲಿ ಆರು ಗುರಿಗಳಿವೆ: ಹವಾಮಾನ ಬದಲಾವಣೆ ತಗ್ಗಿಸುವುದು, ಅದಕ್ಕೆ ಹೊಂದಿಕೊಳ್ಳುವುದು, ನೀರು ಮತ್ತು ಸಾಗರ, ಮರುಬಳಕೆಯ ಆರ್ಥಿಕತೆ, ಮಾಲಿನ್ಯ ತಡೆ, ಜೀವವೈವಿಧ್ಯ. ಒಂದು ಚಟುವಟಿಕೆ ‘ಅಲೈನ್ಡ್’, ಅಂದರೆ ಟ್ಯಾಕ್ಸಾನಮಿಗೆ ಹೊಂದುವಂಥದ್ದು ಅನ್ನಿಸಿಕೊಳ್ಳಬೇಕಾದರೆ ಒಂದು ಗುರಿಗೆ ಗಣನೀಯ ಕೊಡುಗೆ ಕೊಡಬೇಕು, ಉಳಿದ ಐದಕ್ಕೆ ಗಣನೀಯ ಹಾನಿ ಮಾಡಬಾರದು, ಮಾನವ ಹಕ್ಕು ಮುಂತಾದ ಕನಿಷ್ಠ ರಕ್ಷಣೆಗಳನ್ನು ಪಾಲಿಸಬೇಕು. ಕೊಡುಗೆಗೂ ಹಾನಿಗೂ ಅಳತೆಗೋಲು ಯಾವುದು ಎಂಬುದನ್ನು ಪ್ರತ್ಯೇಕ ಆದೇಶಗಳು ಹೇಳುತ್ತವೆ. ಹವಾಮಾನದ ಎರಡು ಗುರಿಗಳಿಗೆ 2021/2139, ಉಳಿದ ನಾಲ್ಕಕ್ಕೆ 2023/2486. ಇಲ್ಲಿ ಅರ್ಧ ಅಂಕ ಇಲ್ಲ. ಐದರಲ್ಲಿ ನಾಲ್ಕು ಪಾಸಾಗಿ ಒಂದು ಫೇಲಾದರೆ ಆ ಚಟುವಟಿಕೆಯ ವಹಿವಾಟು, ಬಂಡವಾಳ ವೆಚ್ಚ, ನಿರ್ವಹಣಾ ವೆಚ್ಚ ಮೂರೂ ಅಲೈನ್ಡ್ ಲೆಕ್ಕದಿಂದ ಆಚೆ. ಸಮಾಧಾನದ ಸಂಗತಿಯೆಂದರೆ ಲೆಕ್ಕವನ್ನು ಆಸ್ತಿವಾರು ಬಿಡಿಸಬಹುದು. ಹತ್ತು ಕಟ್ಟಡಗಳಲ್ಲಿ ಆರಕ್ಕೆ ದಾಖಲೆ ಸರಿಯಿದ್ದರೆ ಆರನ್ನು ತೋರಿಸಿ, ನಾಲ್ಕನ್ನು ಬಿಡಿ.

ಕಾಗದದ ಮಾತನ್ನು ಇಲ್ಲೇ ಹೇಳಿಬಿಡಬೇಕು. ಡಿಎನ್‌ಎಸ್‌ಎಚ್‌ನಲ್ಲಿ ಸೋಲುವ ಪ್ರಾಜೆಕ್ಟುಗಳಲ್ಲಿ ಹೆಚ್ಚಿನವು ಹಾನಿ ಮಾಡಿದ್ದಕ್ಕಾಗಿ ಸೋಲುವುದಿಲ್ಲ. ಹಾನಿ ಮಾಡಿಲ್ಲ ಎಂದು ತೋರಿಸುವ ಕಾಗದ ಹುಟ್ಟಬೇಕಾದ ದಿನ ಹುಟ್ಟಲಿಲ್ಲ, ಅದಕ್ಕೇ ಸೋಲುತ್ತವೆ. ಕಟ್ಟಡ ಕೆಡವಿದ ಮೇಲೆ ಅವಶೇಷವನ್ನು ತೂಗಲಾಗುವುದಿಲ್ಲ.

ಮೊದಲು ಯಾವ ಚಟುವಟಿಕೆ ಎಂದು ಗೊತ್ತುಮಾಡಿ

ಸಮಯ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಡಿಎನ್‌ಎಸ್‌ಎಚ್ ಎಲ್ಲರಿಗೂ ಒಂದೇ ಪ್ರಶ್ನಾವಳಿ ಅಂದುಕೊಂಡು ಐದೂ ಗುರಿಗಳ ಮೇಲೆ ಒಟ್ಟಿಗೆ ಬೀಳುವವರಿದ್ದಾರೆ. ಚಟುವಟಿಕೆಗೆ ತಕ್ಕಂತೆ ಪ್ರಶ್ನೆಗಳೇ ಬದಲಾಗುತ್ತವೆ. ಉದಾಹರಣೆಗೆ, ಕಾರ್ಖಾನೆಯ ಛಾವಣಿಯ ಮೇಲೆ ಸೌರ ಫಲಕ ಹಾಕಿಸಿದ್ದೀರಿ. ಅದನ್ನು ‘ಸೌರ ವಿದ್ಯುತ್ ಉತ್ಪಾದನೆ’ ಅಂದರೆ 2021/2139ರ ವಿಭಾಗ 4.1 ಎಂದು ಓದಿದರೆ ಹೊಂದಿಕೊಳ್ಳುವಿಕೆ, ಮರುಬಳಕೆ, ಜೀವವೈವಿಧ್ಯ ಮೂರನ್ನೂ ನೋಡಬೇಕು. ಕಟ್ಟಡದ ಭಾಗವಾಗಿಯೇ ಕೂರಿಸಿದ ಫಲಕಗಳಿಗೆ ವಿಭಾಗ 7.6 ಇದೆ, ಅದರಲ್ಲಿ ಹವಾಮಾನ ಅಪಾಯದ ಪರೀಕ್ಷೆ ಒಂದೇ. ಇಂಥ ಸಂದರ್ಭದಲ್ಲಿ 7.6 ಅನ್ವಯಿಸುತ್ತದೆ ಎಂದು 4.1ರಲ್ಲೇ ಬರೆದಿದೆ. ಅದನ್ನು ಓದದೆ ಫಲಕದ ಸರಬರಾಜುದಾರರಿಗೆ ಮರುಬಳಕೆ ಪತ್ರ ಕೇಳಿ ಮೂರು ತಿಂಗಳು ಕಾಯುವುದು ಯಾಕೆ?

ಕಟ್ಟಡಗಳಲ್ಲೂ ಹಾಗೇ. ಹೊಸದಾಗಿ ಕಟ್ಟಿದರೆ 7.1, ನವೀಕರಿಸಿದರೆ 7.2, ಕೊಂಡರೆ ಅಥವಾ ಮಾಲೀಕತ್ವ ಇದ್ದರೆ 7.7. ಹೊಸ ಕಟ್ಟಡಕ್ಕೆ ಐದೂ ಕಡೆ ಉತ್ತರ ಕೊಡಬೇಕು. ನವೀಕರಣಕ್ಕೆ ಜೀವವೈವಿಧ್ಯದ ಪ್ರಶ್ನೆ ಇಲ್ಲ. ಕೊಂಡ ಕಟ್ಟಡಕ್ಕೆ ಹವಾಮಾನ ಅಪಾಯ ಮಾತ್ರ. ಗೃಹಸಾಲ ಕೊಡುವ ಬ್ಯಾಂಕುಗಳು ಉಸಿರಾಡುವುದು ಈ 7.7ರಿಂದಲೇ. ಉದ್ಯಮಗಳನ್ನು ವಿಂಗಡಿಸುವ ಒಕ್ಕೂಟದ ನೇಸ್ ಸಂಕೇತಗಳು ಕೈಮರ ಮಾತ್ರ. ನಿರ್ಣಾಯಕವಾದದ್ದು ವಿಭಾಗದ ಮೇಲೆ ಬರೆದಿರುವ ಚಟುವಟಿಕೆಯ ವಿವರಣೆ.

ಇನ್ನೊಂದು ಗೊಂದಲವನ್ನೂ ತೆಗೆದುಬಿಡೋಣ. ಯುರೋಪಿನಲ್ಲಿ ಇದೇ ಹೆಸರಿನ ಪರೀಕ್ಷೆ ಮುಖ್ಯವಾಗಿ ಮೂರಿವೆ. ಟ್ಯಾಕ್ಸಾನಮಿಯದು ಚಟುವಟಿಕೆಯ ಮಟ್ಟದ್ದು. ಹೂಡಿಕೆ ನಿಧಿಗಳಿಗೆ ಅನ್ವಯಿಸುವ 2019/2088 ನಿಯಮದ್ದು ಕಂಪನಿಯ ಮಟ್ಟದ್ದು. ಅಲ್ಲಿ ಹೂಡಿಕೆ ಪಡೆದ ಕಂಪನಿಗೆ 14 ಕಡ್ಡಾಯ ಸೂಚಕಗಳಿವೆ. ಕೋವಿಡ್ ನಂತರದ ಚೇತರಿಕೆ ನಿಧಿಯದು ಸರ್ಕಾರಿ ಯೋಜನೆಗಳಿಗೆ. ಒಂದಕ್ಕೆ ಮಾಡಿದ ಕಡತವನ್ನು ಇನ್ನೊಂದಕ್ಕೆ ಹಾಗೇ ಅಂಟಿಸಲು ಬರುವುದಿಲ್ಲ.

ಅನುಬಂಧ ಎ: 28 ಅಪಾಯಗಳು

ಹವಾಮಾನ ತಗ್ಗಿಸುವ ಗುರಿಯ ಚಟುವಟಿಕೆಗಳಿಗೆಲ್ಲ ಎದುರಾಗುವ ಪರೀಕ್ಷೆ ಇದು, 2021/2139ರ ಅನುಬಂಧಗಳಲ್ಲಿ ಮೊದಲನೆಯದು. ಹವಾಮಾನ ಬದಲಾವಣೆ ನಿಮ್ಮ ಆಸ್ತಿಗೆ ಏನು ಮಾಡೀತು ಎಂಬ ಪ್ರಶ್ನೆ. ಕೋಷ್ಟಕದಲ್ಲಿ ತಾಪ, ಗಾಳಿ, ನೀರು, ಮಣ್ಣು-ಬಂಡೆ ಎಂಬ ನಾಲ್ಕು ಗುಂಪುಗಳಲ್ಲಿ, ನಿಧಾನವಾಗಿ ಬರುವವು ಮತ್ತು ಒಮ್ಮೆಲೇ ಎರಗುವವು ಎಂದು ಬೇರ್ಪಡಿಸಿದ ಒಟ್ಟು 28 ಅಪಾಯಗಳಿವೆ. ಬಿಸಿಗಾಳಿ, ಕಾಳ್ಗಿಚ್ಚು, ನೆರೆ, ಬರ, ಸಮುದ್ರಮಟ್ಟದ ಏರಿಕೆ, ಭೂಕುಸಿತ ಇವೆಲ್ಲ ಸರಿ, ಸದಾ ಹೆಪ್ಪುಗಟ್ಟಿರುವ ನೆಲ (ಪರ್ಮಾಫ್ರಾಸ್ಟ್) ಕರಗುವುದೂ ಪಟ್ಟಿಯಲ್ಲಿದೆ.

ಕೆಲಸ ಮೂರು ಹಂತದ್ದು. ಮೊದಲು 28ನ್ನೂ ಒಂದೊಂದಾಗಿ ನೋಡಿ, ಈ ಜಾಗದ ಈ ಆಸ್ತಿಗೆ ಅದರ ಆಯುಷ್ಯದೊಳಗೆ ತಟ್ಟಬಹುದಾದವು ಯಾವುವು ಎಂದು ಜರಡಿ ಹಿಡಿಯಬೇಕು. ತಟ್ಟದವನ್ನು ಸುಮ್ಮನೆ ಬಿಡಬಾರದು, ಯಾಕೆ ತಟ್ಟದು ಎಂದು ಒಂದು ಸಾಲು ಬರೆಯಬೇಕು. ಲೆಕ್ಕಪರಿಶೋಧಕರು ಕೇಳುವುದು ಆ ಒಂದು ಸಾಲನ್ನೇ. ಉಳಿದವಕ್ಕೆ ಅಪಾಯದ ಗಾತ್ರ ಎಷ್ಟು ಎಂಬ ಮೌಲ್ಯಮಾಪನ. ಕೊನೆಗೆ ಗಾತ್ರ ದೊಡ್ಡದಿದ್ದ ಕಡೆ ಪರಿಹಾರ. ಹತ್ತು ವರ್ಷಕ್ಕಿಂತ ಕಡಿಮೆ ಆಯುಷ್ಯದ ಚಟುವಟಿಕೆಗೆ ಹವಾಮಾನ ಮುನ್ನೋಟಗಳನ್ನು ತಕ್ಕಷ್ಟು ಚಿಕ್ಕ ಪ್ರದೇಶದ ಮಟ್ಟದಲ್ಲಿ ಬಳಸಿದರೆ ಸಾಕು. ಅದಕ್ಕಿಂತ ಹೆಚ್ಚಿನದಕ್ಕೆ ಸಿಗುವಷ್ಟು ಸೂಕ್ಷ್ಮ ಅಳತೆಯ, ಹಲವು ಸನ್ನಿವೇಶಗಳ ಮುನ್ನೋಟ ಬೇಕು. ದೊಡ್ಡ ಹೂಡಿಕೆಗಳಿಗೆ ಕನಿಷ್ಠ 10ರಿಂದ 30 ವರ್ಷ ಮುಂದಿನವರೆಗೆ.

ತಪ್ಪುಗಳು ಬಹುತೇಕ ಒಂದೇ ಬಗೆಯವು. ಒಂದು, ಇಡೀ ಕಂಪನಿ ಸಮೂಹದ ಮಟ್ಟದಲ್ಲಿ ಮಾಡಿದ ಹವಾಮಾನ ವರದಿಯನ್ನೇ ಇಲ್ಲಿ ಲಗತ್ತಿಸುವುದು. ಆ ವರದಿಯಲ್ಲಿ ‘ದಕ್ಷಿಣ ಯುರೋಪಿನಲ್ಲಿ ನೀರಿನ ಒತ್ತಡ ಹೆಚ್ಚು’ ಎಂದಿರುತ್ತದೆ. ಇಲ್ಲಿ ಬೇಕಾದದ್ದು ಈ ಗೋದಾಮಿನ ನೆಲಮಾಳಿಗೆಗೆ ನೀರು ನುಗ್ಗುತ್ತದೋ ಇಲ್ಲವೋ ಎಂಬುದು. ಎರಡು, ಕೆಟ್ಟ ಸನ್ನಿವೇಶ ಒಂದನ್ನೇ ಓಡಿಸಿ ಕೈತೊಳೆದುಕೊಳ್ಳುವುದು. ಮೂರನೆಯದು ಹೆಚ್ಚು ಅಪಾಯಕಾರಿ: ಸರ್ಕಾರಿ ನೆರೆ ನಕಾಶೆಯಲ್ಲಿ ಬಣ್ಣವಿಲ್ಲದ ಜಾಗ, ಆದ್ದರಿಂದ ಅಪಾಯವಿಲ್ಲ ಎಂದು ಬರೆಯುವುದು. 2021ರ ಜುಲೈನಲ್ಲಿ ಜರ್ಮನಿಯ ಆರ್ ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ನೆರೆಗೆ ಬಲಿಯಾದರು. ಅಲ್ಲಿನ ನೆರೆ ನಕಾಶೆಗಳು ಎರಡನೆಯ ಮಹಾಯುದ್ಧದ ನಂತರದ ಅಳತೆಗಳನ್ನು ನೆಚ್ಚಿಕೊಂಡಿದ್ದವು. 1804ರ ಮತ್ತು 1910ರ ಭಾರಿ ನೆರೆಗಳು ಆ ಲೆಕ್ಕದಲ್ಲಿರಲಿಲ್ಲ. ನಕಾಶೆ ಹಿಂದಿನದನ್ನು ಹೇಳುತ್ತದೆ, ಅದೂ ಅರ್ಧ. ಅನುಬಂಧ ಎ ಕೇಳುವುದು ಮುಂದಿನದನ್ನು.

ಪರಿಹಾರಗಳಿಗೂ ಗಡುವಿದೆ. ಈಗಾಗಲೇ ಇರುವ ಆಸ್ತಿಯಾದರೆ ಗರಿಷ್ಠ ಐದು ವರ್ಷದಲ್ಲಿ ಜಾರಿಗೆ ಬರಬೇಕು. ಹೊಸದಾಗಿ ಕಟ್ಟುವುದಾದರೆ ವಿನ್ಯಾಸದಲ್ಲೇ ಸೇರಿಸಿ, ಕಾರ್ಯಾರಂಭಕ್ಕೆ ಮುಂಚೆ ಮುಗಿಸಿರಬೇಕು. ಹೊಸ ಕಟ್ಟಡಕ್ಕೆ ಐದು ವರ್ಷದ ಯೋಜನೆ ತೋರಿಸಿ ಸಿಕ್ಕಿಬೀಳುವುದು ಮಾಮೂಲು. ಇನ್ನೊಂದು ಷರತ್ತನ್ನು ಯಾರೂ ಗಮನಿಸುವುದಿಲ್ಲ: ನಿಮ್ಮ ಪರಿಹಾರ ಪಕ್ಕದವರ ಸುರಕ್ಷತೆಯನ್ನು ಕೆಡಿಸಬಾರದು. ಕಾಂಪೌಂಡ್ ಗೋಡೆ ಎತ್ತರಿಸಿ ನೆರೆನೀರನ್ನು ಪಕ್ಕದ ಓಣಿಗೆ ತಿರುಗಿಸಿದರೆ ನಿಮ್ಮ ಆಸ್ತಿ ಉಳಿಯಿತು, ಪರೀಕ್ಷೆ ಉಳಿಯಲಿಲ್ಲ.

ನಲ್ಲಿ, ಅವಶೇಷ, ಪ್ಲೈವುಡ್

ಹೊಸ ಕಟ್ಟಡದ ವಿಭಾಗ 7.1 ಅಂಕಿಗಳಿಂದ ತುಂಬಿದೆ, ಅಂಕಿ ಇರುವ ಕಡೆ ಕೆಲಸ ಸುಲಭ. ಕೈತೊಳೆಯುವ ಬೇಸಿನ್ ಮತ್ತು ಅಡುಗೆಮನೆಯ ನಲ್ಲಿಗಳಲ್ಲಿ ನಿಮಿಷಕ್ಕೆ 6 ಲೀಟರ್‌ಗಿಂತ ಹೆಚ್ಚು ನೀರು ಬರಬಾರದು. ಶವರಿನಲ್ಲಿ 8 ಲೀಟರ್. ಕಮೋಡಿನ ಪೂರ್ಣ ಫ್ಲಶ್ 6 ಲೀಟರ್, ಸರಾಸರಿ 3.5 ಲೀಟರ್. ಮೂತ್ರಿಗಳಲ್ಲಿ ಬಟ್ಟಲೊಂದಕ್ಕೆ ಗಂಟೆಗೆ 2 ಲೀಟರ್, ಫ್ಲಶ್ ಇರುವಂಥದ್ದಾದರೆ ಒಮ್ಮೆಗೆ 1 ಲೀಟರ್. ವಾಸದ ಮನೆಗಳೊಳಗಿನ ಜೋಡಣೆಗಳಿಗೆ ಇದು ಅನ್ವಯಿಸುವುದಿಲ್ಲ. ಸಾಕ್ಷಿಗೆ ಉತ್ಪನ್ನದ ಡೇಟಾಶೀಟ್, ಕಟ್ಟಡ ಪ್ರಮಾಣಪತ್ರ ಅಥವಾ ಒಕ್ಕೂಟದಲ್ಲಿ ಚಾಲ್ತಿಯಲ್ಲಿರುವ ಉತ್ಪನ್ನ ಲೇಬಲ್ ಸಾಕು. ಎಡವುವುದು ಇಲ್ಲಿ: ವಾಸ್ತುಶಿಲ್ಪಿಯ ಪಟ್ಟಿಯಲ್ಲಿ ಒಂದು ಮಾಡೆಲ್, ಪ್ಲಂಬರ್ ತಂದು ಹಾಕಿದ್ದು ಇನ್ನೊಂದು. ಕಡತಕ್ಕೆ ವಿನ್ಯಾಸದ ಪಟ್ಟಿ ಹಾಕಬೇಡಿ, ಖರೀದಿ ಬಿಲ್ಲಿನ ಮಾಡೆಲ್ ನಂಬರಿಗೆ ಹೊಂದುವ ಡೇಟಾಶೀಟ್ ಹಾಕಿ.

ನಿರ್ಮಾಣ ಮತ್ತು ಕೆಡಹುವಿಕೆಯ ಅವಶೇಷದಲ್ಲಿ ಅಪಾಯಕಾರಿಯಲ್ಲದ ಭಾಗದ ಕನಿಷ್ಠ 70% ಮರುಬಳಕೆಗೆ, ಮರುಸಂಸ್ಕರಣೆಗೆ ಅಥವಾ ಬೇರೆ ವಸ್ತುವಿನ ಬದಲಿಗೆ ಗುಂಡಿ ತುಂಬುವಂಥ ಉಪಯೋಗಕ್ಕೆ ಸಿದ್ಧವಾಗಬೇಕು. ಇದು ತೂಕದ ಲೆಕ್ಕ. ಅಗೆದ ಶುದ್ಧ ಮಣ್ಣು ಮತ್ತು ಕಲ್ಲು, ಅಂದರೆ ತ್ಯಾಜ್ಯ ಸಂಕೇತ 17 05 04, ಲೆಕ್ಕಕ್ಕಿಲ್ಲ. ಗುತ್ತಿಗೆದಾರರ ವರದಿ ಬರುವುದು ಗಾತ್ರದಲ್ಲಿ ಅಥವಾ ಕಂಟೇನರುಗಳ ಎಣಿಕೆಯಲ್ಲಿ. ಮಣ್ಣನ್ನೂ ಸೇರಿಸಿ 95% ಎಂದಿರುತ್ತದೆ. ಮಣ್ಣು ತೆಗೆದರೆ ಆ ಪ್ರಮಾಣ ಎಲ್ಲಿಗೆ ಬೇಕಾದರೂ ಇಳಿಯಬಹುದು. ಹಳೆ ಕಟ್ಟಡ ಕೆಡವಿದವರೂ ಹೊಸದು ಕಟ್ಟಿದವರೂ ಬೇರೆ ಬೇರೆ ಗುತ್ತಿಗೆದಾರರಾದರೆ ಮೊದಲಿನವರ ತೂಕದ ಚೀಟಿಗಳು ಕೈಗೆ ಸಿಗುವುದೇ ಇಲ್ಲ. ತೂಕದಲ್ಲಿ, ತ್ಯಾಜ್ಯ ಸಂಕೇತವಾರು, ಸ್ವೀಕರಿಸಿದ ಘಟಕದ ರಸೀದಿಯೊಂದಿಗೆ ಕೊಡಬೇಕು ಎಂಬ ಒಂದು ಕಲಮು ಕೆಡಹುವ ಗುತ್ತಿಗೆಯಲ್ಲೇ ಇರಬೇಕು. ಕೊನೆಯ ಕಂತಿನ ಹಣವನ್ನು ಅದಕ್ಕೆ ಗಂಟುಹಾಕಿದರೆ ಇನ್ನೂ ಒಳ್ಳೆಯದು.

ಒಳಾಂಗಣ ಸಾಮಗ್ರಿಯ ಮಿತಿ ಇನ್ನೂ ಸ್ವಾರಸ್ಯಕರ. ಬಣ್ಣ, ಸೀಲಿಂಗ್ ಹಲಗೆ, ನೆಲಹಾಸು, ಅದರ ಅಂಟು, ಒಳಭಾಗದ ನಿರೋಧಕ ಪದರ ಹೀಗೆ ವಾಸಿಸುವವರಿಗೆ ತಾಗಬಹುದಾದ ಸಾಮಗ್ರಿಗಳಿಂದ ಫಾರ್ಮಾಲ್ಡಿಹೈಡ್ ಘನಮೀಟರಿಗೆ 0.06 ಮಿಲಿಗ್ರಾಂಗಿಂತ ಕಡಿಮೆ ಹೊಮ್ಮಬೇಕು. 1ಎ ಮತ್ತು 1ಬಿ ವರ್ಗದ ಇತರ ಕ್ಯಾನ್ಸರ್‌ಕಾರಕ ಆವಿಗಳು 0.001 ಮಿಲಿಗ್ರಾಂಗಿಂತ ಕಡಿಮೆ. ಪರೀಕ್ಷೆ ಯುರೋಪಿನ ಮಾನದಂಡ ಇಎನ್ 16516 ಅಥವಾ ಅದಕ್ಕೆ ಸಮಾನ ವಿಧಾನದಲ್ಲಿ. ಈಗ ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡ್ ಮಾರುವವರು ಕೊಡುವುದು ಇ1 ಪ್ರಮಾಣಪತ್ರ. ಇಎನ್ 717-1 ವಿಧಾನದಲ್ಲಿ ಇ1ರ ಮಿತಿ 0.124 ಮಿಲಿಗ್ರಾಂ, ಅಂದರೆ ಟ್ಯಾಕ್ಸಾನಮಿಯ ಮಿತಿಗಿಂತ ಎರಡು ಪಟ್ಟಿಗೂ ಜಾಸ್ತಿ. ಇ1 ಇದೆ ಎಂದು ಕಡತ ಮುಚ್ಚಿದರೆ ಆಯಿತಷ್ಟೆ. ಫ್ರಾನ್ಸಿನ ಎ+ ಲೇಬಲ್ಲಿನ ಫಾರ್ಮಾಲ್ಡಿಹೈಡ್ ಮಿತಿ 0.01 ಮಿಲಿಗ್ರಾಂ, ಅದು ಧಾರಾಳವಾಗಿ ಸಾಕು. ಆದರೆ ಕ್ಯಾನ್ಸರ್‌ಕಾರಕ ಆವಿಗಳ ಅಂಕಿಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ‘ಲೋ ವಿಒಸಿ’ (ಆವಿಯಾಗುವ ಸಾವಯವ ರಾಸಾಯನಿಕ ಕಡಿಮೆ) ಎಂದು ಡಬ್ಬಿಯ ಮೇಲೆ ಬರೆದದ್ದು ಜಾಹೀರಾತು, ಸಾಕ್ಷಿಯಲ್ಲ.

ಎಲ್ಲಿ ಕಟ್ಟುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಧ್ಯಮದಿಂದ ಹೆಚ್ಚು ಫಲವತ್ತತೆಯ ಕೃಷಿಭೂಮಿ, ಅಪಾಯದ ಅಂಚಿನ ಜೀವಿಗಳ ನೆಲೆಯಾದ ಖಾಲಿ ನೆಲ, ಕಾಡು ಈ ಮೂರರಲ್ಲಿ ಕಟ್ಟುವಂತಿಲ್ಲ. ಈ ಪರೀಕ್ಷೆಯಲ್ಲಿ ಫೇಲಾದರೆ ಯಾವ ಪರಿಹಾರವೂ ಇಲ್ಲ, ಹಾಗಾಗಿ ಜಾಗ ಕೊಳ್ಳುವ ಮೊದಲು ನೋಡಬೇಕಾದ ಒಂದೇ ಪ್ರಶ್ನೆ ಇದು.

ಅನುಬಂಧ ಸಿ: ಸೀಸದ ಕಥೆ

ರಾಸಾಯನಿಕಗಳ ಈ ಅನುಬಂಧ ಓದಲು ಅರ್ಧ ಪುಟ, ಪಾಲಿಸಲು ಅರ್ಧ ವರ್ಷ. ಚಟುವಟಿಕೆಯಿಂದ ಕೆಲವು ವಸ್ತುಗಳ ತಯಾರಿಕೆ, ಮಾರಾಟ, ಬಳಕೆ ಆಗಬಾರದು ಎನ್ನುತ್ತದೆ. ಕರಗದೆ ಉಳಿಯುವ ಸಾವಯವ ಮಾಲಿನ್ಯಕಾರಕಗಳು, ಪಾದರಸ, ಓಜೋನ್ ತಿನ್ನುವ ಅನಿಲಗಳು ಇವೆಲ್ಲ ಹೇಗೂ ಕಾನೂನಿನಲ್ಲೇ ನಿಷಿದ್ಧ ಅಥವಾ ನಿರ್ಬಂಧಿತ, ಬೇಗ ಮುಗಿಯುತ್ತವೆ. ತಲೆನೋವು ಇರುವುದು ರೀಚ್ ಎಂಬ ಒಕ್ಕೂಟದ ರಾಸಾಯನಿಕ ಕಾನೂನಿನ ‘ಅತಿ ಕಳವಳದ ವಸ್ತು’ಗಳಲ್ಲಿ. ಅಭ್ಯರ್ಥಿ ಪಟ್ಟಿ ಎಂದು ಕರೆಯುವ ಆ ಪಟ್ಟಿಯಲ್ಲಿ ಈಗ ಸುಮಾರು 250 ನಮೂದುಗಳಿವೆ, ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಬೆಳೆಯುತ್ತದೆ. ತೂಕದ 0.1% ಮೀರಿ ಅವು ಇರುವಂತಿಲ್ಲ. ಪಟ್ಟಿಗೆ ಸೇರಿದ ಮಾತ್ರಕ್ಕೆ ಈ ವಸ್ತುಗಳ ಬಳಕೆಯೇನೂ ಕಾನೂನುಬಾಹಿರವಾಗುವುದಿಲ್ಲ ಎಂಬುದನ್ನು ನೆನಪಿಡಿ. ಕಾನೂನಿಗಿಂತ ಮುಂದೆ ಹೋಗುವ ಈ ಒಂದು ಹೆಜ್ಜೆಯೇ ಎಲ್ಲರನ್ನೂ ಮುಗ್ಗರಿಸುವುದು.

ಸೀಸ 2018ರ ಜೂನ್‌ನಿಂದ ಆ ಪಟ್ಟಿಯಲ್ಲಿದೆ. ಹಿತ್ತಾಳೆಯನ್ನು ಲೇತಿನಲ್ಲಿ ಸುಲಭವಾಗಿ ಕಡೆಯಲೆಂದು ಅದಕ್ಕೆ ಶೇಕಡ ಎರಡು-ಮೂರರಷ್ಟು ಸೀಸ ಬೆರೆಸುವುದು ಹಳೆಯ ಪದ್ಧತಿ. ವಾಲ್ವ್, ಕನೆಕ್ಟರ್, ಸ್ಕ್ರೂ ಟರ್ಮಿನಲ್ ಎಲ್ಲದರಲ್ಲೂ ಅದೇ ಹಿತ್ತಾಳೆ. ಇಡೀ ಯಂತ್ರ 400 ಕಿಲೋ ಇದೆ, ಅದರಲ್ಲಿ ಸೀಸ ಎಷ್ಟು ಮಹಾ ಎಂದು ವಾದಿಸಲು ಬರುವುದಿಲ್ಲ. 2015ರ ಸೆಪ್ಟೆಂಬರ್ 10ರಂದು ಒಕ್ಕೂಟದ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ: ಜೋಡಿಸಿದ ವಸ್ತುವಿನೊಳಗಿನ ಪ್ರತಿ ಬಿಡಿಭಾಗಕ್ಕೂ 0.1% ಬೇರೆಬೇರೆಯಾಗಿಯೇ ಲೆಕ್ಕ. ರೀಚ್‌ನ ಆ ವ್ಯಾಖ್ಯಾನವನ್ನೇ ಇಲ್ಲಿಯೂ ಹಿಡಿದು ನಡೆಯುವುದು ಸುರಕ್ಷಿತ.

ಬೆಂಗಳೂರಿನ ಪೀಣ್ಯದಂಥ ಕಡೆ ಬಿಡಿಭಾಗ ತಯಾರಿಸಿ ಯುರೋಪಿಗೆ ಕಳಿಸುವವರಿಗೆ ಬರುವ ಉದ್ದುದ್ದ ಪ್ರಶ್ನಾವಳಿಗಳ ಮೂಲ ಇಲ್ಲಿದೆ. ಅವರಿಗೆ ಟ್ಯಾಕ್ಸಾನಮಿ ನೇರವಾಗಿ ಅನ್ವಯಿಸುವುದಿಲ್ಲ, ಕೊಳ್ಳುವವರ ಕಡತಕ್ಕೆ ಅವರ ಕಾಗದ ಬೇಕು. ಏನು ಕೊಡಬೇಕು? ‘ನಮ್ಮ ಉತ್ಪನ್ನ ರೀಚ್ ಪಾಲಿಸುತ್ತದೆ’ ಎಂಬ ಒಂದು ಸಾಲಿನ ಪತ್ರ ಉಪಯೋಗಕ್ಕಿಲ್ಲ. ಪಾರ್ಟ್ ನಂಬರ್, ಯಾವ ದಿನಾಂಕದ ಅಭ್ಯರ್ಥಿ ಪಟ್ಟಿಗೆ ಹೋಲಿಸಿದ್ದು, 0.1% ಮೀರಿದ ವಸ್ತು ಯಾವುದು, ಯಾವ ಬಿಡಿಭಾಗದಲ್ಲಿ, ಎಷ್ಟು ಎಂಬುದು ಬೇಕು. ಹಿತ್ತಾಳೆ ಸರಳು ತಯಾರಿಸಿದವರ ಮಿಲ್ ಪ್ರಮಾಣಪತ್ರದಲ್ಲಿ ಸೀಸದ ಪ್ರಮಾಣ ಇರುತ್ತದೆ, ಅದನ್ನು ಲಗತ್ತಿಸಿದರೆ ಅರ್ಧ ಪತ್ರವ್ಯವಹಾರ ತಪ್ಪುತ್ತದೆ.

ಮೀರಿದ್ದರೆ ಎಲ್ಲ ಮುಗಿಯಿತೇ? ಇಲ್ಲ. ಮಾರುಕಟ್ಟೆಯಲ್ಲಿ ತಕ್ಕ ಬದಲಿ ವಸ್ತುವಾಗಲಿ ತಂತ್ರವಾಗಲಿ ಇಲ್ಲವೆಂದು ಪರಿಶೀಲಿಸಿ ದಾಖಲಿಸಿದ್ದರೆ, ನಿಯಂತ್ರಿತ ಸ್ಥಿತಿಯಲ್ಲಿ ಬಳಸುತ್ತಿದ್ದರೆ ವಿನಾಯಿತಿ ಇದೆ. ‘ದಾಖಲಿಸಿದ್ದರೆ’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ಸೀಸವಿಲ್ಲದ ಹಿತ್ತಾಳೆಯನ್ನು ಯಾವಾಗ ಯಾರ ಬಳಿ ಕೇಳಿದಿರಿ, ಯಾವ ಪರೀಕ್ಷೆಯಲ್ಲಿ ಅದು ಸೋತಿತು, ಯಾರು ತೀರ್ಮಾನಿಸಿದರು ಎಂಬ ಎರಡು ಪುಟದ ಟಿಪ್ಪಣಿ ಇರಬೇಕು. ಬೆಲೆ ಹೆಚ್ಚು ಎಂಬುದೊಂದನ್ನೇ ಕಾರಣವಾಗಿ ಬರೆದರೆ ಅದು ನಿಲ್ಲುವುದು ಕಷ್ಟ.

ನೀರು ಮತ್ತು ಜೀವವೈವಿಧ್ಯ

ಅನುಬಂಧ ಬಿ, ನೀರಿನದು, ಯುರೋಪಿನ ಒಳಗೆ ಅಷ್ಟು ತೊಡಕಿನದ್ದಲ್ಲ. ಪರಿಸರ ಪರಿಣಾಮ ಅಧ್ಯಯನದಲ್ಲಿ ಒಕ್ಕೂಟದ ನೀರಿನ ಕಾನೂನಾದ 2000/60 ನಿರ್ದೇಶನದ ಪ್ರಕಾರ ನೀರಿನ ಮೇಲಿನ ಪರಿಣಾಮವನ್ನೂ ನೋಡಿದ್ದರೆ, ಕಂಡ ಅಪಾಯಗಳಿಗೆ ಪರಿಹಾರವನ್ನೂ ಮಾಡಿದ್ದರೆ ಮತ್ತೊಂದು ಅಧ್ಯಯನ ಬೇಡ.

ಅನುಬಂಧ ಡಿ, ಜೀವವೈವಿಧ್ಯದ್ದು, ಒಕ್ಕೂಟದ ಹೊರಗೆ ಕಾಲಿಟ್ಟಾಗ ಕಠಿಣವಾಗುತ್ತದೆ. ಅದು ಕೇಳುವುದು ಪರಿಸರ ಪರಿಣಾಮ ಅಧ್ಯಯನ ಅಥವಾ ಕನಿಷ್ಠ ಅದರ ಪೂರ್ವಪರಿಶೀಲನೆ, ಜೊತೆಗೆ ಅಲ್ಲಿ ಹೇಳಿದ ತಗ್ಗಿಸುವ ಕ್ರಮಗಳ ಜಾರಿ. ಯುನೆಸ್ಕೊ ವಿಶ್ವ ಪರಂಪರೆಯ ತಾಣ, ಪ್ರಮುಖ ಜೀವವೈವಿಧ್ಯ ಪ್ರದೇಶ ಮುಂತಾದವುಗಳ ಒಳಗೆ ಅಥವಾ ಹತ್ತಿರ ಇದ್ದರೆ ಇನ್ನೂ ಆಳವಾದ ಅಧ್ಯಯನ. ಒಕ್ಕೂಟದ ಹೊರಗಿನ ದೇಶಗಳಲ್ಲಿ ಸಮಾನವಾದ ರಾಷ್ಟ್ರೀಯ ಕಾನೂನು ಅಥವಾ ಅಂತರರಾಷ್ಟ್ರೀಯ ಮಾನದಂಡ ಸಾಕು ಎನ್ನುತ್ತದೆ. ಈಗ ಯುರೋಪಿನ ವಿದ್ಯುತ್ ಕಂಪನಿಯೊಂದು ಕರ್ನಾಟಕದಲ್ಲಿ ಸೌರ ಸ್ಥಾವರ ಇಟ್ಟುಕೊಂಡಿದೆ ಅನ್ನಿ. ಕಂಪನಿ ಸಮೂಹದ ಲೆಕ್ಕದಲ್ಲಿ ಆ ವಹಿವಾಟೂ ಬರುತ್ತದೆ. ಭಾರತದ ಕಾನೂನಿನ ಪ್ರಕಾರ ಎಲ್ಲ ಸರಿ ಇದೆ ಎಂದು ಸ್ಥಳೀಯ ತಂಡ ಬರೆದು ಕಳಿಸುತ್ತದೆ. ಸರಿ ಇದೆ, ನಿಜ. ಯಾಕೆಂದರೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಅನುಸೂಚಿಯಲ್ಲಿ ಸೌರ ಮತ್ತು ಪವನ ವಿದ್ಯುತ್ ಯೋಜನೆಗಳೇ ಇಲ್ಲ. 20,000 ಚದರ ಮೀಟರಿನ ಕಟ್ಟಡಕ್ಕೆ ಅನುಮತಿ ಬೇಕು. ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್ ಹರಡಿಕೊಂಡ ಪಾವಗಡದಂಥ ಸೌರ ಪಾರ್ಕಿಗೆ ಈ ಅಧಿಸೂಚನೆಯಡಿ ಬೇಡ. ಕಾನೂನು ಕೇಳಲಿಲ್ಲವಾದ್ದರಿಂದ ಅಧ್ಯಯನ ನಡೆದಿಲ್ಲ, ನಡೆದಿಲ್ಲವಾದ್ದರಿಂದ ಅನುಬಂಧ ಡಿ ದಾಟುವುದಿಲ್ಲ. ದಾರಿ ಒಂದೇ: ಅಂತರರಾಷ್ಟ್ರೀಯ ಹಣಕಾಸು ನಿಗಮದ ಕಾರ್ಯಕ್ಷಮತಾ ಮಾನದಂಡ 1 ಮತ್ತು 6ರ ಪ್ರಕಾರ ಸ್ವಂತವಾಗಿ ಅಧ್ಯಯನ ಮಾಡಿಸುವುದು. ಅಂತರರಾಷ್ಟ್ರೀಯ ಸಾಲ ಪಡೆದ ಯೋಜನೆಯಾದರೆ ಸಾಲದಾತರಿಗಾಗಿ ಮಾಡಿದ ಅಂಥ ವರದಿ ಹಣಕಾಸು ವಿಭಾಗದ ಕಪಾಟಿನಲ್ಲಿ ಇರುವ ಸಾಧ್ಯತೆಯೂ ಇದೆ, ಮೊದಲು ಅಲ್ಲಿ ಹುಡುಕಿ.

ಪವನ ವಿದ್ಯುತ್ತಿನಲ್ಲಿ ಇದು ಬರೀ ಕಾಗದದ ಪ್ರಶ್ನೆಯಲ್ಲ. ಗದಗದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಆ ಬೆಟ್ಟಸಾಲಿನಲ್ಲಿ ಗಾಳಿಗಿರಣಿಗಳೂ ಇವೆ. ಬಳ್ಳಾರಿಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಳಿವೆ. ಮುಂದಿನದನ್ನು ಸರಿಯಾಗಿ ನೋಡದ ಆ ಭಾರಿ ಹಕ್ಕಿಗೆ ವಿದ್ಯುತ್ ತಂತಿಯೇ ಯಮ. ಇಂಥ ಕಡೆ ಅಧ್ಯಯನ ಮಾಡಿಸಿದರೆ ಉತ್ತರ ‘ಹಾನಿ ಇದೆ’ ಎಂದು ಬರಬಹುದು, ಅದಕ್ಕೂ ಸಿದ್ಧರಿರಬೇಕು.

ಸೌರ ವಿದ್ಯುತ್ತಿನ ಮರುಬಳಕೆಯ ಷರತ್ತು ಇದಕ್ಕೆ ತದ್ವಿರುದ್ಧ: ಬಾಳಿಕೆ ಬರುವ, ಬಿಚ್ಚಲು ಸುಲಭವಾದ ಉಪಕರಣ ಸಿಗುತ್ತದೆಯೇ ಎಂದು ನೋಡಿ, ‘ಸಾಧ್ಯವಿದ್ದರೆ’ ಬಳಸಿ ಎನ್ನುತ್ತದೆ. ಮೆತ್ತಗಿನ ಭಾಷೆ ಕಂಡು ಖುಷಿಪಡುವವರಿದ್ದಾರೆ. ನಲ್ಲಿಗೆ 6 ಲೀಟರ್ ಎಂದರೆ ಒಂದು ದಿನದ ಕೆಲಸ. ‘ಸಾಧ್ಯವಿದ್ದರೆ’ ಎಂಬುದರ ಮೇಲೆ ಲೆಕ್ಕಪರಿಶೋಧಕರ ಜೊತೆ ನಡೆಯುವ ಚರ್ಚೆಗೆ ಕೊನೆಯೇ ಇಲ್ಲ. ಖರೀದಿ ಸಮಯದಲ್ಲಿ ಕನಿಷ್ಠ ಎರಡು-ಮೂರು ತಯಾರಕರನ್ನು ಈ ದೃಷ್ಟಿಯಿಂದ ಹೋಲಿಸಿದ ಒಂದು ಪುಟವಿದ್ದರೆ ಸಾಕಾಗುತ್ತದೆ. ಟೆಂಡರ್ ಮುಗಿದ ಮೇಲೆ ಆ ಪುಟ ಬರೆದರೆ ಅದರ ದಿನಾಂಕವೇ ಸಾಕ್ಷಿ ಹೇಳುತ್ತದೆ.

ಬೇರೆಯವರ ಕಾಗದ, ನಿಮ್ಮ ಲೆಕ್ಕ

ಬಂಡವಾಳ ವೆಚ್ಚದಲ್ಲಿ ಒಂದು ಬಗೆ ಇದೆ: ನಿಮ್ಮ ಸ್ವಂತ ಚಟುವಟಿಕೆ ಪಟ್ಟಿಯಲ್ಲೇ ಇಲ್ಲ, ಆದರೆ ಅಲೈನ್ಡ್ ಚಟುವಟಿಕೆಯ ಉತ್ಪನ್ನವನ್ನು ಕೊಂಡಿದ್ದೀರಿ. ಮೊದಲು ಹೇಳಿದ ಲೀಸ್ ಕಾರು ಇಂಥದ್ದೇ. ಲೀಸಿನ ಆಸ್ತಿಯೂ ಬಂಡವಾಳ ವೆಚ್ಚದ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಹಾನಿಯಿಲ್ಲ ಎಂಬ ಸಾಕ್ಷಿ ಇರುವುದು ಮಾರಿದವರ ಬಳಿ. ‘ನಮ್ಮ ಉತ್ಪನ್ನ ಟ್ಯಾಕ್ಸಾನಮಿಗೆ ಹೊಂದುತ್ತದೆ’ ಎಂಬ ಕರಪತ್ರ ಬಂದರೆ ಯಾವ ವಿಭಾಗ, ಯಾವ ಅನುಬಂಧ, ಯಾವ ವರ್ಷ, ಯಾರು ಪರಿಶೀಲಿಸಿದರು ಎಂದು ನಾಲ್ಕು ಪ್ರಶ್ನೆ ವಾಪಸ್ ಕಳಿಸಿ. ಕಾರಿಗೆ ಟೈರಿನ ಜೊತೆಗೆ ಇನ್ನೊಂದೂ ಬೇಕು: ತೂಕದ 85% ಮರುಬಳಸಲು ಅಥವಾ ಮರುಸಂಸ್ಕರಿಸಲು, 95% ಮರುಬಳಸಲು ಅಥವಾ ಶಕ್ತಿರೂಪದಲ್ಲಾದರೂ ಹಿಂಪಡೆಯಲು ಬರಬೇಕು. ಒಕ್ಕೂಟದಲ್ಲಿ ವಾಹನ ಮಾದರಿಗೆ ಮಂಜೂರಾತಿ ಸಿಗಲು ಅದು ಹೇಗೂ ಬೇಕಾದ್ದರಿಂದ ಸಾಕ್ಷಿ ಸುಲಭ. ಟೈರಿಗೆ ಲೀಸ್ ಒಪ್ಪಂದದಲ್ಲೇ, ಬದಲಿ ಟೈರುಗಳೂ ಸೇರಿ, ಸದ್ದು ಮತ್ತು ಪ್ರತಿರೋಧದ ವರ್ಗವನ್ನು ಷರತ್ತಾಗಿ ಬರೆಸಬೇಕು, ಅದು ಬಿಟ್ಟು ಬೇರೆ ಉಪಾಯವಿಲ್ಲ.

ಇಂದಲ್ಲ ನಾಳೆ ಅಲೈನ್ಡ್ ಆಗುತ್ತೇವೆ ಎನ್ನುವವರಿಗೂ ದಾರಿಯಿದೆ. ಸಾಮಾನ್ಯವಾಗಿ ಐದು ವರ್ಷದೊಳಗೆ ಹೊಂದುವಂತೆ ಮಾಡುವ ಯೋಜನೆಯನ್ನು ಆಡಳಿತ ಮಂಡಳಿ ಒಪ್ಪಿದ್ದರೆ ಅದರ ಬಂಡವಾಳ ವೆಚ್ಚವನ್ನು ಈಗಲೇ ಲೆಕ್ಕಕ್ಕೆ ಹಿಡಿಯಬಹುದು. ಆ ಯೋಜನೆಯಲ್ಲಿ ಇಂಗಾಲದ ಅಂಕಿ ಮಾತ್ರ ಬರೆದು ಡಿಎನ್‌ಎಸ್‌ಎಚ್ ಮರೆತರೆ ಐದನೆಯ ವರ್ಷ ಪೂರ್ತಿ ವಾಪಸ್ ತಿದ್ದಬೇಕಾದೀತು.

ಇಷ್ಟೆಲ್ಲ ಭಾರವಾಯಿತು ಎಂಬ ದೂರು ಬ್ರಸೆಲ್ಸಿಗೂ ಮುಟ್ಟಿದೆ. 2025ರ ಜುಲೈ 4ರಂದು ಯುರೋಪಿಯನ್ ಆಯೋಗ ಅಂಗೀಕರಿಸಿದ ತಿದ್ದುಪಡಿ ಎರಡು ಗಂಟುಗಳನ್ನು ಸಡಿಲಿಸಿತು. ಒಟ್ಟು ಸೇರಿ ಛೇದದ, ಅಂದರೆ ಕಂಪನಿಯ ಪೂರ್ತಿ ವಹಿವಾಟು ಅಥವಾ ವೆಚ್ಚದ, 10%ಗಿಂತ ಕಡಿಮೆ ಇರುವ ಸಣ್ಣಪುಟ್ಟ ಚಟುವಟಿಕೆಗಳನ್ನು ಪರೀಕ್ಷಿಸದೆ ಬಿಡಬಹುದು. ಆ ಇನ್ನೂರು ಕಾರುಗಳ ಕಂಪನಿಗೆ ಹೆಚ್ಚಾಗಿ ಇಲ್ಲೇ ಬಿಡುಗಡೆ. ಅನುಬಂಧ ಸಿಯಲ್ಲಿ, ಅಭ್ಯರ್ಥಿ ಪಟ್ಟಿಗೆ ಸೇರದಿದ್ದರೂ ಅದೇ ಬಗೆಯ ಅಪಾಯದ ವರ್ಗಕ್ಕೆ ಬರುವ ವಸ್ತುಗಳನ್ನೂ ಹುಡುಕಿ ಎಂದಿದ್ದ ಪ್ಯಾರಾ ಹೋಯಿತು. ಪಟ್ಟಿಯಲ್ಲಿರುವ ಸೀಸ ಎಲ್ಲಿಗೂ ಹೋಗಿಲ್ಲ. ಪರೀಕ್ಷಿಸದೆ ಬಿಟ್ಟದ್ದನ್ನು ‘ಅಲೈನ್ಡ್ ಅಲ್ಲ’ ಎಂಬ ಸಾಲಿಗೆ ಸೇರಿಸಬೇಡಿ, ಅದಕ್ಕೆ ಕೋಷ್ಟಕದಲ್ಲಿ ಬೇರೆ ಜಾಗವಿದೆ.